ಬಲಿಪೂಜೆ ಅಂತೀರಲ್ಲ, ಏನನ್ನು ಬಲಿ ಕೊಡ್ತೀರಿ?

ನಮ್ಮ ಕ್ಯಾಥಲಿಕ್ ಕ್ರೈಸ್ತರ ಮದುವೆ ಕಾಗದಗಳಲ್ಲಿ ಮುಹೂರ್ತ ಬರೆಯುವ ಜಾಗದಲ್ಲಿ ಒಂದು ಸಾಲು ಇರುತ್ತದೆ: 'ಬೆಳಿಗ್ಗೆ 10.30ಕ್ಕೆ ದಿವ್ಯ ಬಲಿಪೂಜೆ.' ಆ ಸಾಲಿನ ಮೇಲೆ ಬೆರಳಿಟ್ಟು ಕೇಳದೆ ಬಿಟ್ಟ ಸಹೋದ್ಯೋಗಿ ನನಗೆ ಇನ್ನೂ ಸಿಕ್ಕಿಲ್ಲ. ಕೆಲವರು ನೇರವಾಗಿ ಕೇಳುತ್ತಾರೆ. ಇನ್ನು ಕೆಲವರು ಎರಡು ದಿನ ತಡೆದುಕೊಂಡು, ಕಾಫಿ ಕುಡಿಯುವಾಗ "ಅಲ್ಲಾ, ತಪ್ಪು ತಿಳ್ಕೋಬೇಡಿ..." ಎಂದು ಶುರುಮಾಡುತ್ತಾರೆ. ತಂಗಿಯ ಮದುವೆ ಕಾಗದ ಕೊಟ್ಟಾಗ ಪಕ್ಕದ ಟೇಬಲ್ಲಿನ ಗೆಳತಿಯಂತೂ ಕಾಗದವನ್ನು ಪೂರ್ತಿ ಓದುವ ಮೊದಲೇ ಕೇಳಿಬಿಟ್ಟಳು: "ಏನೇ ಇದು ಬಲಿಪೂಜೆ? ಕುರಿನಾ, ಕೋಳಿನಾ?" ಅವಳದು ಈರುಳ್ಳಿಯನ್ನೂ ಯೋಚಿಸಿ ತಿನ್ನುವ ಮನೆ.

"ಗೋಧಿ ಹಿಟ್ಟು, ನೀರು, ಸ್ವಲ್ಪ ದ್ರಾಕ್ಷಾರಸ. ರಕ್ತಗಿಕ್ತ ಏನೂ ಇಲ್ಲ, ಧೈರ್ಯವಾಗಿ ಬಾ" ಅಂದೆ. ಬಂದಳು.

ಆದರೆ ನಾನು ಕೊಟ್ಟ ಉತ್ತರ ಅರ್ಧ ಸುಳ್ಳು. ಬಲಿ ಇಲ್ಲವೇ ಇಲ್ಲ, ಅದು ಬರೀ ಹೆಸರು ಎಂದು ನಾನು ಹೇಳಿದ್ದರೆ ನಮ್ಮೂರ ಉಪದೇಶಿಗಳು, ಅಂದರೆ ಚಿಕ್ಕಂದಿನಲ್ಲಿ ನಮಗೆ ಧರ್ಮೋಪದೇಶ ಹೇಳಿಕೊಟ್ಟವರು, ಎದ್ದು ಬಂದು ಕಿವಿ ಹಿಂಡುತ್ತಿದ್ದರು. ಕ್ಯಾಥಲಿಕರ ಮಟ್ಟಿಗೆ ಅದು ನಿಜವಾದ ಬಲಿಯೇ. ಮದುವೆಮನೆಯ ಗಡಿಬಿಡಿಯಲ್ಲಿ ಇದನ್ನೆಲ್ಲ ಬಿಡಿಸಿ ಹೇಳಲಾಗಲಿಲ್ಲ. ಇಲ್ಲಿ ಬರೆದಿಡುತ್ತೇನೆ, ಮುಂದಿನ ಮದುವೆ ಕಾಗದದ ಜೊತೆ ಕಳಿಸಬಹುದು.

ಮೊದಲು ಪದ. ಇವತ್ತಿನ ಕನ್ನಡದಲ್ಲಿ ಬಲಿ ಅಂದ ಕೂಡಲೇ ಕುತ್ತಿಗೆಯ ಮೇಲೆ ಕತ್ತಿಯೇ ಕಾಣುತ್ತದೆ. ಪತ್ರಿಕೆ ತೆರೆದರೆ ರಸ್ತೆಗುಂಡಿಗೆ ಇಬ್ಬರು ಬಲಿ, ಡೆಂಗಿಗೆ ಮಗು ಬಲಿ. ಸಂಸ್ಕೃತದಲ್ಲಿ ಈ ಪದಕ್ಕೆ ಇಷ್ಟು ರಕ್ತ ಅಂಟಿರಲಿಲ್ಲ. ಕಾಣಿಕೆ, ಕಪ್ಪ, ಕೊನೆಗೆ ತೆರಿಗೆ ಅಂತಲೂ ಅದಕ್ಕೆ ಅರ್ಥವಿತ್ತು. ಕಾಳಿದಾಸನ ದಿಲೀಪ ಮಹಾರಾಜ ಪ್ರಜೆಗಳಿಂದ 'ಬಲಿ' ತೆಗೆದುಕೊಂಡದ್ದು ಅವರ ಒಳಿತಿಗಾಗಿಯೇ. ಅಲ್ಲಿ ಯಾರೂ ಸಾಯುವುದಿಲ್ಲ, ಕಂದಾಯ ಕಟ್ಟುತ್ತಾರೆ. ಕರಾವಳಿಯ ದೇವಸ್ಥಾನಗಳಲ್ಲಿ ಉತ್ಸವದ ದಿನ ದೇವರು 'ಬಲಿ ಹೊರಡುವುದನ್ನು' ನೋಡಿದವರಿಗೆ ಗೊತ್ತು, ಗರ್ಭಗುಡಿಯ ಸುತ್ತಲಿನ ಬಲಿಕಲ್ಲುಗಳ ಮೇಲೆ ಇಡುವುದು ಅನ್ನ. ಧ್ವಜಸ್ತಂಭದ ಹತ್ತಿರ ಇರುವ ಬಲಿಪೀಠಕ್ಕೆ ಕೈಮುಗಿದೇ ನೀವು ಒಳಗೆ ಹೋಗುತ್ತೀರಿ. ನಮ್ಮ ಚರ್ಚಿನಲ್ಲಿ ಪಾದ್ರಿಗಳು ನಿಲ್ಲುವ ಕಲ್ಲಿನ ಮೇಜಿಗೂ ಅದೇ ಹೆಸರು, ಬಲಿಪೀಠ. (ಬಲಿಪಾಡ್ಯಮಿಯ ಬಲಿ ಬೇರೆ, ಅವನು ಚಕ್ರವರ್ತಿ. ಇದನ್ನೂ ಒಬ್ಬರು ಕೇಳಿದ್ದರು.)

ಪದಗಳ ಮಾತು ಬಂದದ್ದಕ್ಕೆ ಒಂದು ಗೊಣಗು. ನಮ್ಮ ಹಬ್ಬದ ಪೋಸ್ಟರುಗಳಲ್ಲಿ 'ಆಡಂಬರದ ಗಾಯನ ಬಲಿಪೂಜೆ' ಎಂದು ದಪ್ಪಕ್ಷರದಲ್ಲಿ ಅಚ್ಚಾಗುತ್ತದೆ. ವಿಶೇಷ ಸಡಗರದಿಂದ, ಹಾಡಿನೊಂದಿಗೆ ಮಾಡುವ ಪೂಜೆ ಎಂದಷ್ಟೇ ಅದರ ಅರ್ಥ. ಈಗ ಆಡಂಬರ ಎಂದರೆ ದೌಲತ್ತು ತೋರಿಸುವುದು ಅಂತಾಗಿ ಎಷ್ಟೋ ಕಾಲವಾಗಿದೆ, ಪೋಸ್ಟರಿಗೆ ಮಾತ್ರ ಸುದ್ದಿ ಮುಟ್ಟಿಲ್ಲ.

ಅಕ್ಕಪಕ್ಕದ ಕ್ಯಾಥಲಿಕರಿಗೆ ನಮ್ಮ ಈ ತಾಪತ್ರಯ ಇಲ್ಲ. ಮಂಗಳೂರಿನ ಕೊಂಕಣಿಯವರು 'ಇಗರ್ಜಿ'ಗೆ ಹೋಗಿ 'ಮೀಸ್' ಕೇಳಿ 'ಕುಮ್ಗಾರ್' ತೆಗೆದುಕೊಂಡು ಮನೆಗೆ ಬರುತ್ತಾರೆ. ಮೂರೂ ಪೋರ್ಚುಗೀಸಿನಿಂದ ಬಂದ ಪದಗಳು, ಹೊರಗಿನವರ ಕಿವಿಗೆ ಏನನ್ನೂ ಹೇಳುವುದಿಲ್ಲ, ಹಾಗಾಗಿ ಯಾರೂ ಬೆಚ್ಚುವುದಿಲ್ಲ. ಮೀಸ್ ಆಗಲಿ, ಇಂಗ್ಲಿಷಿನ ಮಾಸ್ ಆಗಲಿ, ಲ್ಯಾಟಿನ್ನಿನ 'ಮಿಸ್ಸಾ'ದ ಮಕ್ಕಳು. ಪೂಜೆಯ ಕೊನೆಯಲ್ಲಿ ಪಾದ್ರಿ 'ಇತೆ, ಮಿಸ್ಸಾ ಎಸ್ತ್' ಎನ್ನುತ್ತಿದ್ದರು: ಹೊರಡಿ, ಆಯಿತು, ಕಳಿಸಿಕೊಟ್ಟಿದ್ದೇವೆ. ಬೀಳ್ಕೊಡುವ ಮಾತೇ ಇಡೀ ಪೂಜೆಗೆ ಹೆಸರಾಗಿ ನಿಂತಿತು. ಕೇರಳದ ಸಿರೋ ಮಲಬಾರ್ ಕ್ಯಾಥಲಿಕರು 'ಕುರ್ಬಾನ' ಅನ್ನುತ್ತಾರೆ. ಬೆಳ್ತಂಗಡಿ, ಭದ್ರಾವತಿ, ಮಂಡ್ಯಗಳಲ್ಲಿ ಅವರ ಧರ್ಮಪ್ರಾಂತ್ಯಗಳೇ ಇರುವುದರಿಂದ ಕರ್ನಾಟಕದಲ್ಲೂ ಆ ಪದ ಕೇಳುತ್ತದೆ. ಅದು ಸಿರಿಯಾಕ್ ಭಾಷೆಯದು, ಬಕ್ರೀದಿನ ಕುರ್ಬಾನಿಗೆ ಒಡಹುಟ್ಟು. ಅಂದರೆ ಬಲಿ ಎನ್ನುವ ಅರ್ಥ ಕನ್ನಡದವರು ಅನುವಾದದ ಭರದಲ್ಲಿ ಮಾಡಿದ ಎಡವಟ್ಟಲ್ಲ. ಅದು ಮೊದಲಿನಿಂದಲೂ ಇದೆ.

ಅನುಮಾನವೂ ಮೊದಲಿನಿಂದ ಇದೆ. ಕ್ರಿ.ಶ. 112ರ ಸುಮಾರಿನಲ್ಲಿ, ಈಗಿನ ಟರ್ಕಿಯ ಉತ್ತರಕ್ಕಿದ್ದ ಬಿಥಿನಿಯಾ ಪೊಂತಸ್ ಎಂಬ ಪ್ರಾಂತ್ಯದಲ್ಲಿ ಪ್ಲಿನಿ ಎಂಬ ರೋಮನ್ ಅಧಿಕಾರಿಯಿದ್ದ. ಕ್ರೈಸ್ತರು ಎಂಬ ಈ ಜನರನ್ನು ಏನು ಮಾಡುವುದೆಂದು ತಿಳಿಯದೆ ಅವನು ಚಕ್ರವರ್ತಿ ಟ್ರಾಜನನಿಗೆ ಪತ್ರ ಬರೆದ. ಇವರು ಗೊತ್ತಾದ ಒಂದು ದಿನ ಬೆಳಕು ಹರಿಯುವ ಮೊದಲೇ ಸೇರುತ್ತಾರೆ, ಕ್ರಿಸ್ತನನ್ನು ದೇವರೆಂದು ಹಾಡುತ್ತಾರೆ, ಚದುರಿಹೋಗಿ ಮತ್ತೆ ಊಟಕ್ಕೆ ಕೂಡುತ್ತಾರೆ. ಆ ಊಟ ಮಾತ್ರ ಸಾಮಾನ್ಯವಾದದ್ದು, ನಿರಪಾಯದ್ದು ಎಂಬ ಮಾತು ಆ ಪತ್ರದಲ್ಲಿದೆ. ಊಟದ ಬಗ್ಗೆ ಚಕ್ರವರ್ತಿಗೆ ಯಾಕೆ ವರದಿ? ಕ್ರೈಸ್ತರು ಮಕ್ಕಳನ್ನು ಕೊಂದು ತಿನ್ನುತ್ತಾರೆ ಎಂಬ ಪುಕಾರು ರೋಮನ್ ಜಗತ್ತಿನಲ್ಲಿ ಓಡಾಡುತ್ತಿತ್ತು. ಹೊಸದಾಗಿ ಸೇರಿದವನ ಮುಂದೆ ಹಿಟ್ಟು ಮೆತ್ತಿದ ಕೂಸನ್ನು ಇಡುತ್ತಾರೆ, ಅವನು ಹಿಟ್ಟಿನ ಮುದ್ದೆಯೆಂದುಕೊಂಡು ಇರಿಯುತ್ತಾನೆ ಎಂಬ ವಿವರವನ್ನು ಮಿನುಶಿಯಸ್ ಫೆಲಿಕ್ಸ್ ಎಂಬ ಲ್ಯಾಟಿನ್ ಲೇಖಕ ದಾಖಲಿಸಿದ್ದಾನೆ. ಶರೀರವನ್ನು ತಿನ್ನುತ್ತೇವೆ, ರಕ್ತವನ್ನು ಕುಡಿಯುತ್ತೇವೆ ಎಂಬ ಮಾತು ಗೋಡೆಯಾಚೆಗೆ ಅರ್ಧಂಬರ್ಧ ಕೇಳಿಸಿದರೆ ಇನ್ನೇನಾಗುತ್ತದೆ? ನಿಜ ತಿಳಿಯಲು ಪ್ಲಿನಿ ಇಬ್ಬರು ದಾಸಿಯರಿಗೆ ಚಿತ್ರಹಿಂಸೆ ಕೊಡಿಸಿದ. ಸಭೆಯಲ್ಲಿ ಸೇವೆ ಮಾಡುತ್ತಿದ್ದ ಆ ಹೆಂಗಸರ ಹೆಸರು ಪತ್ರದಲ್ಲಿಲ್ಲ. ನನ್ನ ಗೆಳತಿ ನಗುತ್ತಾ ಕೇಳಿದ ಪ್ರಶ್ನೆಯನ್ನು ಅವರಿಗೆ ಹಾಗೆ ಕೇಳಿದ್ದರು.

ಒಳಗೆ ನಿಜಕ್ಕೂ ಏನು ನಡೆಯುತ್ತಿತ್ತು ಎಂಬುದಕ್ಕೆ ನಮ್ಮವರದೇ ಸಾಕ್ಷಿಯಿದೆ. ಸುಮಾರು 155ರಲ್ಲಿ ಜಸ್ಟಿನ್ ಎಂಬ ತತ್ವಜ್ಞಾನಿ ರೋಮಿನಲ್ಲಿ ಕೂತು ಚಕ್ರವರ್ತಿ ಆಂಟೋನಿನಸ್ ಪಯಸ್‌ಗೆ ಒಂದು ಸಮರ್ಥನೆ ಬರೆದ. ಭಾನುವಾರ ಊರಿನವರು, ಹಳ್ಳಿಯವರು ಒಂದೆಡೆ ಸೇರುತ್ತಾರೆ. ಪ್ರೇಷಿತರ, ಅಂದರೆ ಯೇಸುವಿನ ಮೊದಲ ಶಿಷ್ಯರ, ನೆನಪುಗಳನ್ನೋ ಪ್ರವಾದಿಗಳ ಬರಹವನ್ನೋ ಸಮಯವಿದ್ದಷ್ಟು ಓದುತ್ತಾರೆ. ಮುಂದಾಳು ಬುದ್ಧಿಮಾತು ಹೇಳುತ್ತಾನೆ. ಎಲ್ಲರೂ ಎದ್ದು ಪ್ರಾರ್ಥಿಸುತ್ತಾರೆ. ರೊಟ್ಟಿ, ದ್ರಾಕ್ಷಾರಸ, ನೀರು ತರುತ್ತಾರೆ. ಮುಂದಾಳು ಕೃತಜ್ಞತೆಯ ಪ್ರಾರ್ಥನೆ ಹೇಳುತ್ತಾನೆ, ಜನ 'ಆಮೆನ್' ಎನ್ನುತ್ತಾರೆ. ಹಂಚುತ್ತಾರೆ, ಬಾರದವರ ಮನೆಗೂ ಕಳಿಸುತ್ತಾರೆ. ಉಳ್ಳವರು ಕೊಟ್ಟ ಹಣ ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿರುವವರಿಗೆ ಹೋಗುತ್ತದೆ. ಮುಂದಿನ ಭಾನುವಾರ ಯಾವುದೇ ಕ್ಯಾಥಲಿಕ್ ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂತು ನೋಡಿ, ಹೆಚ್ಚುಕಡಿಮೆ ಇದೇ ಸಾಲು. ಆ 'ಕೃತಜ್ಞತೆ'ಗೆ ಗ್ರೀಕಿನಲ್ಲಿ ಯೂಖಾರಿಸ್ತಿಯಾ. ಇಂಗ್ಲಿಷಿನವರ ಯೂಕರಿಸ್ಟ್ ಅಲ್ಲಿಂದ ಬಂತು.

ಇದು ಊಟವಾಯಿತು, ಪ್ರಾರ್ಥನೆಯಾಯಿತು. ಬಲಿ ಎಲ್ಲಿ?

ಅದಕ್ಕೆ ಜೆರುಸಲೇಮಿಗೆ ಹೋಗಬೇಕು. ಅಲ್ಲಿ ಯೆಹೂದ್ಯರ ಮಹಾದೇವಾಲಯವಿತ್ತು. ಬೆಳಿಗ್ಗೆ ಒಂದು, ಸಂಜೆ ಒಂದು ಕುರಿಮರಿಯ ಬಲಿ, ಪಾಸ್ಖ ಹಬ್ಬದಲ್ಲಂತೂ ಮನೆಮನೆಯ ಕುರಿಮರಿಗಳು. ಕ್ರಿ.ಶ. 70ರಲ್ಲಿ ರೋಮನ್ ಸೈನ್ಯ ಆ ದೇವಾಲಯವನ್ನು ಸುಟ್ಟು ಕೆಡವಿತು. ಅಲ್ಲಿಗೆ ಪ್ರಾಣಿಬಲಿ ನಿಂತುಹೋಯಿತು. ಯೇಸು ತನ್ನ ಕೊನೆಯ ಊಟ ಮಾಡಿದ್ದು ಪಾಸ್ಖದ ಹೊತ್ತಿನಲ್ಲಿ, ಊರು ತುಂಬ ಕುರಿಮರಿಗಳು ಕೂಗುತ್ತಿದ್ದ ವಾರದಲ್ಲಿ. ರೊಟ್ಟಿ ಮುರಿದು ಇದು ನಿಮಗಾಗಿ ಕೊಡುವ ನನ್ನ ಶರೀರ ಎಂದ, ಮರುದಿನ ಶಿಲುಬೆಯ ಮೇಲೆ ಸತ್ತ. ಶಿಷ್ಯರು ಆಮೇಲೆ ಎರಡನ್ನೂ ಕೂಡಿಸಿ ಓದಿದರು: ಆ ಸಾವು ಬಲಿ, ಆ ಊಟ ಅದರ ಗುರುತು.

ಹೊಸ ಒಡಂಬಡಿಕೆಯಲ್ಲಿ ಹಿಬ್ರಿಯರಿಗೆ ಬರೆದ ಪತ್ರ ಅಂತ ಒಂದಿದೆ. ಅದರಲ್ಲಿನ ಒಂದು ಚಿತ್ರ ನನಗೆ ಬಹಳ ಇಷ್ಟ. ಹಳೆಯ ಯಾಜಕರು ದಿನದಿನವೂ ನಿಂತೇ ಇರುತ್ತಾರೆ, ಅದೇ ಬಲಿಗಳನ್ನು ಮತ್ತೆ ಮತ್ತೆ ಕೊಡುತ್ತಾ. ಕ್ರಿಸ್ತ ಒಂದೇ ಸಲ ತನ್ನನ್ನೇ ಕೊಟ್ಟು ಹೋಗಿ ಕೂತ. ಕೆಲಸ ಬಾಕಿಯಿರುವವರು ನಿಂತಿರುತ್ತಾರೆ, ಮುಗಿಸಿದವರು ಕೂರುತ್ತಾರೆ. ನಮ್ಮ ಅಡುಗೆಮನೆಗಳಲ್ಲೂ ಹಾಗೇ ತಾನೇ?

ಇಲ್ಲಿ ಚುರುಕಾದ ಓದುಗರು ಕೈ ಎತ್ತುತ್ತಾರೆ. ಒಂದೇ ಸಲಕ್ಕೆ ಮುಗಿದಿದ್ದರೆ ನೀವು ದಿನಾ ಬೆಳಿಗ್ಗೆ ಆರೂವರೆಗೆ ಗಂಟೆ ಹೊಡೆದು ಮಾಡುವುದೇನು? ನನ್ನ ಅನುಭವದಲ್ಲಿ ಈ ಪ್ರಶ್ನೆ ಹಿಂದೂ ಗೆಳೆಯರಿಂದ ಬಂದದ್ದೇ ಇಲ್ಲ. ಕೇಳುವವರು ಪ್ರಾಟೆಸ್ಟಂಟ್ ಗೆಳೆಯರು. ಅವರು 'ಕರ್ತನ ಭೋಜನ' ಎನ್ನುತ್ತಾರೆ, ಬಲಿ ಎಂಬ ಪದವನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಐನೂರು ವರ್ಷದ ಜಗಳ ಇದು. 1520ರಲ್ಲಿ ಜರ್ಮನಿಯ ಸುಧಾರಕ ಲೂಥರ್ ಬಲಿ ಎಂಬ ಕಲ್ಪನೆಯನ್ನೇ ತಿರಸ್ಕರಿಸಿ ಬರೆದ. 1525ರಲ್ಲಿ ಜ್ಯೂರಿಕ್ ಪಟ್ಟಣ ಪೂಜೆಯನ್ನೇ ರದ್ದುಮಾಡಿತು. ಅವರ ಕೋಪಕ್ಕೆ ಕಾರಣವಿತ್ತು ಅಂತಲೇ ನನಗನ್ನಿಸುತ್ತದೆ. ದುಡ್ಡು ಕೊಟ್ಟು ಸತ್ತವರ ಹೆಸರಲ್ಲಿ ಇಷ್ಟು ಪೂಜೆ ಎಂದು ಲೆಕ್ಕ ಹಾಕಿಸುವುದು, ದೊಡ್ಡ ಚರ್ಚುಗಳ ಮೂಲೆಮೂಲೆಯ ಪೀಠಗಳಲ್ಲಿ ಪಾದ್ರಿಗಳು ಒಬ್ಬೊಬ್ಬರೇ ನಿಂತು ಗುಣುಗುಣು ಮಾಡಿ ಮುಗಿಸುವುದು, ಎಲ್ಲವೂ ನಡೆದಿತ್ತು. ನೋಡಿದವರಿಗೆ ಅದು ಶಿಲುಬೆಯ ಸಾವನ್ನು ಬಿಡಿಬಿಡಿಯಾಗಿ ಮಾರುವಂತೆ ಕಂಡರೆ ತಪ್ಪೇನು?

ಕ್ಯಾಥಲಿಕ್ ಉತ್ತರ ಬಂದದ್ದು ಟ್ರೆಂಟ್ ಎಂಬ ಇಟಲಿಯ ಪಟ್ಟಣದಲ್ಲಿ. 1545ರಿಂದ 1563ರವರೆಗೆ ನಿಂತು ನಿಂತು ನಡೆದ ಮಹಾಸಭೆಯ 22ನೆಯ ಅಧಿವೇಶನ, 1562ರ ಸೆಪ್ಟೆಂಬರ್. ತಿರುಳು ಇಷ್ಟು: ಬಲಿಯಾದವನು ಅವನೇ, ಅರ್ಪಿಸುವವನೂ ಅವನೇ, ಅರ್ಪಿಸುವ ರೀತಿ ಮಾತ್ರ ಬೇರೆ. ಅಂದು ರಕ್ತ ಹರಿಯಿತು, ಇಂದು ರಕ್ತವಿಲ್ಲ. ಇದು ಎರಡನೆಯ ಬಲಿಯಲ್ಲ, ಅದೇ ಒಂದು ಬಲಿ ಇಲ್ಲಿ ಎದುರಿಗೆ ಬರುವುದು.

ಹಾಗೆಂದರೆ? ಯೇಸು 'ನನ್ನ ನೆನಪಿಗಾಗಿ ಇದನ್ನು ಮಾಡಿ' ಎಂದಾಗ ಬಳಕೆಯಾದ ಗ್ರೀಕ್ ಪದ ಅನಾಮ್ನೆಸಿಸ್. ನಾವು 'ಸ್ಮರಣೆ' ಎಂದು ಹೇಳುತ್ತೇವೆ, ಹೇಳಿದ ತಕ್ಷಣ ಪತ್ರಿಕೆಯ ಪುಣ್ಯಸ್ಮರಣೆಯ ಜಾಹೀರಾತು ಕಣ್ಮುಂದೆ ಬರುತ್ತದೆ, ಹಾರ ಹಾಕಿದ ಫೋಟೋ. ಯೆಹೂದ್ಯರ ನೆನಪು ಅಂಥದ್ದಲ್ಲ. ಪಾಸ್ಖದ ರಾತ್ರಿ ಪ್ರತಿಯೊಂದು ತಲೆಮಾರಿನವರೂ ಈಜಿಪ್ಟಿನ ದಾಸ್ಯದಿಂದ ಹೊರಬಂದದ್ದು ತಾವೇ ಎಂದು ಭಾವಿಸಬೇಕು. ಅಜ್ಜಂದಿರ ಕಥೆಯಲ್ಲ, ತಮ್ಮ ಕಥೆ. ನಮ್ಮ ಉಪದೇಶಿಗಳಿಗೆ ಗ್ರೀಕ್ ಬರುತ್ತಿರಲಿಲ್ಲ, ಆದರೆ ಅವರ ಉದಾಹರಣೆಯನ್ನು ಮೀರಿಸಿದ್ದನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ತರಗತಿಯ ಕಿಟಕಿಯನ್ನು ತೆರೆದು, ಮುಚ್ಚಿ, ಮತ್ತೆ ತೆರೆದು ಹೇಳಿದ್ದರು: "ನೋಡ್ರಪ್ಪಾ, ನಾನು ಕಿಟಕಿ ತೆಗೆದಾಗಲೆಲ್ಲ ಸೂರ್ಯ ಹೊಸದಾಗಿ ಹುಟ್ಟಲ್ಲ. ಇದ್ದ ಬಿಸಿಲೇ ಒಳಕ್ಕೆ ಬರುತ್ತೆ."

ಈಗ ಗೆಳತಿಯ ಪ್ರಶ್ನೆಗೆ ಸರಿಯಾದ ಉತ್ತರ ಹೇಳಬಹುದು. ಬಲಿಯಾಗುವವನು ಯೇಸು, ಬಲಿ ಕೊಡುವವನೂ ಯೇಸು. ಪೂಜಾರಿಯೂ ಅವನೇ, ಹರಕೆಯೂ ಅವನೇ. ಪೂಜೆಯಲ್ಲಿ ಬಳಸುವ ಆ ತೆಳ್ಳಗಿನ ಬಿಳಿ ರೊಟ್ಟಿಗೆ ಇಂಗ್ಲಿಷಿನಲ್ಲಿ ಹೋಸ್ಟ್ ಅನ್ನುತ್ತಾರೆ. ಅತಿಥಿಗಳನ್ನು ಕರೆಯುವ ಹೋಸ್ಟಿಗೂ ಇದಕ್ಕೂ ಸಂಬಂಧವಿಲ್ಲ. ಲ್ಯಾಟಿನ್ನಿನ 'ಹೋಸ್ತಿಯಾ', ಅಂದರೆ ಬಲಿಪಶು. ಬೇರೆ ಬಲಿಗಳಲ್ಲಿ ಮನುಷ್ಯ ಕೊಡುತ್ತಾನೆ, ದೇವರು ತೆಗೆದುಕೊಳ್ಳುತ್ತಾನೆ. ಇಲ್ಲಿ ಕೊಡುವ ಕೈ ದೇವರದು. ನಮ್ಮ ಪಾಲೂ ಇಲ್ಲದಿಲ್ಲ. ಪಾದ್ರಿಗಳು ಜನರ ಕಡೆ ತಿರುಗಿ 'ನನ್ನ ಹಾಗೂ ನಿಮ್ಮ ಬಲಿ' ದೇವರಿಗೆ ಒಪ್ಪಿಗೆಯಾಗಲೆಂದು ಪ್ರಾರ್ಥಿಸಿ ಅನ್ನುತ್ತಾರೆ. ನಿಮ್ಮ ಬಲಿ ಎಂಬ ಆ ಮಾತು ಬಂದಾಗ ನನಗೆ ಚಿಕ್ಕಂದಿನಲ್ಲಿ ನಿಜಕ್ಕೂ ಭಯವಾಗುತ್ತಿತ್ತು.

ಇನ್ನೊಂದು ಪದ ಉಳಿಯಿತು, ಪ್ರಸಾದ. ಬಲಿ ಎಂಬ ಪದ ಜನರನ್ನು ಬೆದರಿಸಿದರೆ ಇದು ಜನರನ್ನು ನಂಬಿಸಿ ಮೋಸ ಮಾಡುತ್ತದೆ.

ಆ ರೊಟ್ಟಿಗೆ ನಾವು ಪರಮಪ್ರಸಾದ ಎನ್ನುತ್ತೇವೆ. ಕನ್ನಡದಲ್ಲಿ ಪ್ರಸಾದ ಎಂದರೆ ತೂಕದ ಪದ, ಲಿಂಗಾಯತರ ಅಷ್ಟಾವರಣಗಳಲ್ಲಿ ಒಂದು. ದೇವರಿಗೆ ನೈವೇದ್ಯ ಇಟ್ಟದ್ದು ತಿರುಗಿ ನಮ್ಮ ಕೈಗೆ ಬಂದಾಗ ಅದು ಬರೀ ಅನ್ನವಲ್ಲ ಎಂದು ಎಲ್ಲರಿಗೂ ಗೊತ್ತು. ಅಷ್ಟರಮಟ್ಟಿಗೆ ಪದ ಬಹಳ ಚೆನ್ನಾಗಿ ಕೂರುತ್ತದೆ. ಆದರೆ ಕ್ಯಾಥಲಿಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅದು ದೇವರ ಕೃಪೆ ತುಂಬಿದ ರೊಟ್ಟಿ ಮಾತ್ರವಲ್ಲ, ರೊಟ್ಟಿಯೇ ಅಲ್ಲ, ಕ್ರಿಸ್ತನೇ ಎನ್ನುತ್ತಾರೆ. ಕೇಳಿದವರು ನನ್ನ ಮುಖವನ್ನೇ ನೋಡುತ್ತಾರೆ. ನೋಡಲಿ. ನಾವೂ ಒಂಬತ್ತನೆಯ ಶತಮಾನದಿಂದ ಅದೇ ಮುಖ ಮಾಡಿಕೊಂಡು ವಾದಿಸುತ್ತಿದ್ದೇವೆ. ಫ್ರಾನ್ಸಿನ ಕೋರ್ಬಿ ಎಂಬ ಒಂದೇ ಮಠದ ಇಬ್ಬರು ಸನ್ಯಾಸಿಗಳು, ರಾಡ್ಬೆರ್ಟಸ್ ಮತ್ತು ರತ್ರಾಮ್ನಸ್, ಇದರ ಮೇಲೆ ಎದುರುಬದುರು ಪುಸ್ತಕ ಬರೆದರು. ಹನ್ನೊಂದನೆಯ ಶತಮಾನದಲ್ಲಿ ಟೂರ್ಸಿನ ಬೆರೆಂಗರ್ ರೊಟ್ಟಿ ರೊಟ್ಟಿಯಾಗಿಯೇ ಉಳಿಯುತ್ತದೆ ಎಂದು ಹೇಳಿ, 1059ರಲ್ಲಿ ರೋಮಿನಲ್ಲಿ ತಪ್ಪೊಪ್ಪಿಗೆಗೆ ಸಹಿ ಹಾಕಬೇಕಾಯಿತು. ಊರಿಗೆ ಹೋಗಿ ಮತ್ತೆ ಅದನ್ನೇ ಹೇಳಿದ, 1079ರಲ್ಲಿ ಮತ್ತೆ ಕರೆಸಿದರು. 1215ರ ನಾಲ್ಕನೆಯ ಲ್ಯಾಟೆರನ್ ಮಹಾಸಭೆ 'ಟ್ರಾನ್ಸ್‌ಸಬ್‌ಸ್ಟ್ಯಾನ್ಶಿಯೇಶನ್' ಎಂಬ ನಾಲಿಗೆ ತಿರುಚುವ ಪದದ ಕ್ರಿಯಾರೂಪವನ್ನು ಅಧಿಕೃತ ಬೋಧನೆಗೆ ತಂದಿತು.

ಅದನ್ನು ಬಿಡಿಸಿದವರು ಅದೇ ಶತಮಾನದ ದೇವಶಾಸ್ತ್ರಜ್ಞ ತೋಮಸ್ ಅಕ್ವಿನಾಸ್. ಒಂದು ವಸ್ತುವಿಗೆ ಅದು ಏನು ಎಂಬ ಸತ್ವ ಒಂದು, ಬಣ್ಣ ರುಚಿ ತೂಕಗಳೆಂಬ ಗುಣಗಳು ಇನ್ನೊಂದು. ನಮ್ಮ ನ್ಯಾಯ ವೈಶೇಷಿಕದವರು ದ್ರವ್ಯ ಮತ್ತು ಗುಣ ಎಂದು ವಿಂಗಡಿಸುತ್ತಾರಲ್ಲ, ಹೆಚ್ಚೂಕಡಿಮೆ ಹಾಗೆ. ಹಾಲು ಮೊಸರಾದಾಗ ರುಚಿಯೂ ರೂಪವೂ ಬದಲಾಗುತ್ತವೆ, ಅದು ಎಲ್ಲರಿಗೂ ಕಾಣುತ್ತದೆ. ಇಲ್ಲಿ ಅದರ ತಿರುಗುಮುರುಗು: ಕಾಣುವುದು ಒಂದೂ ಬದಲಾಗದೆ ಸತ್ವವೇ ಬದಲಾಗುತ್ತದೆ. ಸೂಕ್ಷ್ಮದರ್ಶಕದಡಿ ಇಟ್ಟರೆ ಗೋಧಿಯೇ ಕಾಣುತ್ತದೆ, ಅಕ್ವಿನಾಸ್ ಕೂಡ ಹೌದು ಎನ್ನುತ್ತಿದ್ದರು. ಹೊಟ್ಟೆಗೆ ಗೋಧಿ ಒಗ್ಗದವರಿಗೆ ಪೂಜೆಯ ನಂತರವೂ ಒಗ್ಗುವುದಿಲ್ಲ.

2016ರ ನವೆಂಬರ್ 8ರ ರಾತ್ರಿಯ ನಂತರ ನನಗೊಂದು ಒಳ್ಳೆಯ ಉದಾಹರಣೆ ಸಿಕ್ಕಿತು ಅಂದುಕೊಂಡಿದ್ದೆ. ಹನ್ನೆರಡು ಹೊಡೆದಾಗ ಐನೂರರ ನೋಟಿನ ಕಾಗದ, ಬಣ್ಣ, ಗಾಂಧಿಯ ನಗು ಯಾವುದೂ ಬದಲಾಗಲಿಲ್ಲ, ಆದರೆ ಅದು ದುಡ್ಡಾಗಿ ಉಳಿಯಲಿಲ್ಲ. ಇದೇ ಕಣ್ರೀ ಸತ್ವ ಬದಲಾಗುವುದು ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ನನಗೆ ಪರಿಚಯದ ಒಬ್ಬ ಪಾದ್ರಿಗಳು ಕೇಳಿ ನಕ್ಕರು. "ಅಮ್ಮಾ, ಇದನ್ನ ನಿನಗಿಂತ ಮೊದಲು ಡಚ್ಚರು ಹೇಳಿ ಬೈಸ್ಕೊಂಡಿದ್ದಾರೆ." 1960ರ ದಶಕದಲ್ಲಿ ಹಾಲೆಂಡಿನ ಕೆಲವು ದೇವಶಾಸ್ತ್ರಜ್ಞರು ಬದಲಾಗುವುದು ರೊಟ್ಟಿಯ ಅರ್ಥ ಮತ್ತು ಉದ್ದೇಶ ಎಂದು ವಿವರಿಸಲು ನೋಡಿದ್ದರು, ಅಷ್ಟು ಸಾಲದು ಎಂದು ಪೋಪ್ ಆರನೆಯ ಪಾಲ್ 1965ರ ಸೆಪ್ಟೆಂಬರಿನಲ್ಲಿ ಪತ್ರ ಬರೆದರು. ನೋಟಿನ ಬೆಲೆ ನಾವು ಒಪ್ಪಿಕೊಂಡಿರುವುದರಿಂದ ಇರುವುದು, ಒಪ್ಪದಿದ್ದರೆ ಇಲ್ಲ. ಪರಮಪ್ರಸಾದ ನನ್ನ ಒಪ್ಪಿಗೆಗೆ ಕಾಯುವುದಿಲ್ಲ ಎಂಬುದೇ ಬೋಧನೆ. ಉದಾಹರಣೆಯನ್ನು ಕೈಬಿಟ್ಟೆ. ಆದರೂ ಹೊಸಬರಿಗೆ ವಿಷಯ ಅರ್ಧ ದಾರಿ ಮುಟ್ಟಿಸಲು ಅದಕ್ಕಿಂತ ಒಳ್ಳೆಯದು ಸಿಕ್ಕಿಲ್ಲ.

ಇಷ್ಟು ದೊಡ್ಡದನ್ನು ನಂಬಿದ ಮೇಲೆ ಜನ ಅದನ್ನು ತಿನ್ನಲೇ ಹೆದರಿದರು. ಹದಿಮೂರನೆಯ ಶತಮಾನದ ಯುರೋಪಿನಲ್ಲಿ ಪಾದ್ರಿ ರೊಟ್ಟಿಯನ್ನು ತಲೆಯ ಮೇಲಕ್ಕೆ ಎತ್ತಿ ತೋರಿಸುವ ಪದ್ಧತಿ ಹಬ್ಬಿತು. ಜನಕ್ಕೆ ಅದೇ ಪೂಜೆಯಾಯಿತು. ಕನ್ನಡದ 'ದರ್ಶನ' ಎಂಬ ಪದ ಇಲ್ಲಿ ಎಷ್ಟು ಸರಿಯಾಗಿ ಕೂರುತ್ತದೆಂದರೆ, ಎತ್ತಿದ ರೊಟ್ಟಿಯ ದರ್ಶನಕ್ಕಾಗಿ ಒಂದು ಚರ್ಚಿನಿಂದ ಇನ್ನೊಂದಕ್ಕೆ ಓಡುವವರಿದ್ದರು. ವರ್ಷಕ್ಕೊಮ್ಮೆ, ಈಸ್ಟರ್ ಹಬ್ಬದಲ್ಲಾದರೂ ಸ್ವೀಕರಿಸಿ ಎಂದು ಆ 1215ರ ಸಭೆಯೇ ಕಟ್ಟುನಿಟ್ಟು ಮಾಡಬೇಕಾಯಿತು. ನಮ್ಮ ಅಜ್ಜಿಯ ಕಾಲದವರೆಗೂ ಇದರ ನೆರಳಿತ್ತು. ಪೂಜೆ ಲ್ಯಾಟಿನ್ನಿನಲ್ಲಿ, ಪಾದ್ರಿಗಳ ಬೆನ್ನು ನಮ್ಮ ಕಡೆ. ಅಜ್ಜಿ ಪಾಡಿಗೆ ಅಜ್ಜಿ ಜಪಸರ ತಿರುಗಿಸುತ್ತಾ ಕೂರುವುದು, ಪುಟ್ಟ ಗಂಟೆ ಕೇಳಿಸಿದಾಗ ತಲೆಯೆತ್ತಿ ನೋಡಿ ಎದೆ ಮುಟ್ಟಿಕೊಳ್ಳುವುದು. 'ದೋಮಿನುಸ್ ವೋಬಿಸ್ಕುಂ' ಎಂದರೆ 'ಎತ್ ಕುಂ ಸ್ಪಿರಿತು ತುವೋ' ಎಂದು ಉತ್ತರ ಕೊಡಲು ಅವಳಿಗೆ ಕೊನೆಯವರೆಗೂ ಬರುತ್ತಿತ್ತು, ಅರ್ಥ ಕೇಳಿದರೆ "ಅದೆಲ್ಲ ಸ್ವಾಮಿಯೋರಿಗೆ ಗೊತ್ತು" ಅನ್ನುತ್ತಿದ್ದಳು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಪೂಜಾವಿಧಿಯ ಬಗ್ಗೆ ದಾಖಲೆ ಹೊರಡಿಸಿದ ಮೇಲೆ ಊರಿನ ಭಾಷೆಗೆ ಬಾಗಿಲು ತೆರೆಯಿತು. ಬಲಿಪೂಜೆಯೂ ಪರಮಪ್ರಸಾದವೂ ಪೀಠದ ಮೇಲಿಂದ ಕನ್ನಡದಲ್ಲಿ ಕೇಳಿಸತೊಡಗಿದವು.

ಈಗ ಪ್ರಸಾದ ಮಾಡುವ ಮೋಸದ ವಿಷಯ. ತಂಗಿಯ ಮದುವೆಯಲ್ಲೇ ಆದದ್ದು. ಪರಮಪ್ರಸಾದ ಕೊಡುವ ಹೊತ್ತು, ಜನ ಸಾಲಾಗಿ ಎದ್ದರು. ನನ್ನ ಗೆಳತಿಯ ತಾಯಿಯೂ ಎದ್ದರು. ಪ್ರಸಾದ ಅಂತ ಮೈಕಿನಲ್ಲೇ ಹೇಳಿದ್ದಾರೆ, ಪ್ರಸಾದ ಬೇಡ ಅನ್ನಬಾರದು, ಅದು ಅವರ ಸಂಸ್ಕಾರ. ಬಲಗೈ ಕೆಳಗೆ ಎಡಗೈಯಿಟ್ಟು, ತಲೆಬಾಗಿ, ನಮ್ಮವರಲ್ಲಿ ಅರ್ಧ ಜನಕ್ಕಿಲ್ಲದ ಭಕ್ತಿಯಿಂದ ನಿಂತರು. ಕೊಡುವವರು ಒಂದು ಕ್ಷಣ ನೋಡಿ, ಹಣೆಯ ಕುಂಕುಮ ಗಮನಿಸಿ, "ಇದು ನಿಮಗಲ್ಲಮ್ಮ" ಅಂದರು. ಒರಟಾಗಿಯೇನೂ ಅಲ್ಲ. ಆದರೂ ಆ ಚಾಚಿದ ಕೈ ಖಾಲಿಯಾಗಿ ಹಿಂದೆ ಸರಿದದ್ದನ್ನು ನಾನು ಎರಡನೆಯ ಬೆಂಚಿನಿಂದ ನೋಡಿದೆ.

ನಿಯಮಕ್ಕೆ ಕಾರಣ ಇದೆ, ಅದು ಹಳೆಯದು. ಮೊದಲ ಎರಡು ಶತಮಾನಗಳ ನಡುವೆ ಹುಟ್ಟಿದ ದಿದಾಕೆ ಎಂಬ ಪುಟ್ಟ ಕೈಪಿಡಿಯಲ್ಲೇ ಜ್ಞಾನಸ್ನಾನ, ಅಂದರೆ ಬ್ಯಾಪ್ಟಿಸಂ, ಪಡೆಯದವರು ಇದನ್ನು ಉಣ್ಣಬಾರದು ಎಂದಿದೆ. ಹಿಂದೆ ದೀಕ್ಷೆಗೆ ಕಲಿಯುತ್ತಿದ್ದವರನ್ನು ಓದು, ಉಪದೇಶ ಮುಗಿದ ಕೂಡಲೇ ಹೊರಗೆ ಕಳಿಸುತ್ತಿದ್ದರು. ಪರಮಪ್ರಸಾದ ಸ್ವೀಕರಿಸುವಾಗ 'ಕ್ರಿಸ್ತನ ಶರೀರ' ಎಂದರೆ 'ಆಮೆನ್' ಅನ್ನಬೇಕು. ಅದು ಸಹಿ ಹಾಕಿದ ಹಾಗೆ, ಇದನ್ನೆಲ್ಲ ನಂಬಿದ್ದೇನೆ, ಈ ಮನೆಯವಳು ನಾನು ಎಂದು. ಎಂಟು ವರ್ಷದ ಕ್ಯಾಥಲಿಕ್ ಮಗುವಿಗೂ ತಯಾರಿಯಿಲ್ಲದೆ ಕೊಡುವುದಿಲ್ಲ. ಘೋರ ಪಾಪದ ಅರಿವಿದ್ದವರು ಪಾಪನಿವೇದನೆ ಮಾಡದೆ ಬರುವಂತಿಲ್ಲ. ವಿಚ್ಛೇದನವಾಗಿ ಚರ್ಚಿನ ಹೊರಗೆ ಮರುಮದುವೆಯಾದ ನಮ್ಮದೇ ನೆಂಟರು ಬೆಂಚಿನಲ್ಲೇ ಕೂತಿರುತ್ತಾರೆ. ದೇವಸ್ಥಾನದ ಪ್ರಸಾದ ಬಂದವರಿಗೆಲ್ಲ ಹಂಚುವುದಕ್ಕಾಗಿ ಇರುವುದು. ಇದು ಹಾಗಲ್ಲ. ಇದು ಪ್ರಸಾದಕ್ಕಿಂತ ದೀಕ್ಷೆಗೆ ಹತ್ತಿರ.

ಇಷ್ಟನ್ನೂ ನಾನು ಒಪ್ಪುತ್ತೇನೆ. ಒಪ್ಪದಿರುವುದು, ಮೈಕಿನಲ್ಲಿ ಪ್ರಸಾದ ಎಂದು ಕರೆದು ಸಾಲಿನಲ್ಲಿ ಇಲ್ಲ ಅನ್ನುವುದನ್ನು. ಎರಡು ನಿಮಿಷ ಮೊದಲೇ ತಿಳಿಸಿ ಹೇಳಿದರೆ ಆಗುತ್ತದೆ. ಎದೆಯ ಮೇಲೆ ಕೈಕಟ್ಟಿ ಬಂದರೆ ತಲೆ ಮುಟ್ಟಿ ಆಶೀರ್ವಾದ ಕೊಡುವ ರೂಢಿಯೂ ಎಷ್ಟೋ ಕಡೆ ಇದೆ. ಪದವನ್ನು ನೆರೆಮನೆಯಿಂದ ಕಡ ತಂದವರು ನಾವು. ತಪ್ಪು ತಿಳಿದುಕೊಂಡರೆಂದು ನೆರೆಯವರನ್ನು ದೂರುವುದು ಯಾವ ನ್ಯಾಯ?

ಕಡ ತಂದದ್ದು ಬರೀ ಪದಗಳನ್ನಲ್ಲ. 1967ರಲ್ಲಿ ಬೆಂಗಳೂರಿನಲ್ಲಿ ಪಾದ್ರಿ ಡಿ.ಎಸ್. ಅಮಲೋರ್ಪವದಾಸ್ ನಾಯಕತ್ವದಲ್ಲಿ ಬೈಬಲ್, ಧರ್ಮೋಪದೇಶ, ಪೂಜಾವಿಧಿಗಳ ರಾಷ್ಟ್ರೀಯ ಕೇಂದ್ರ ಶುರುವಾಯಿತು. 1969ರಲ್ಲಿ ರೋಮ್ ಭಾರತಕ್ಕೆಂದು ಹನ್ನೆರಡು ಅಂಶಗಳ ಹೊಂದಾಣಿಕೆಗೆ ಒಪ್ಪಿಗೆ ಕೊಟ್ಟಿತು: ಚಪ್ಪಲಿ ಹೊರಗೆ ಬಿಟ್ಟು ನೆಲದ ಮೇಲೆ ಕೂರುವುದು, ಮೊಣಕಾಲೂರುವ ಬದಲು ಕೈಮುಗಿಯುವುದು, ಆರತಿ, ಎಣ್ಣೆದೀಪ, ಪಾದ್ರಿಗೆ ರೋಮನ್ ರೀತಿಯ ಉಡುಪಿನ ಬದಲು ಸರಳವಾದ ನಿಲುವಂಗಿ, ಅಂಗವಸ್ತ್ರ. ಆಗಲೂ ಈಗಲೂ ಇದಕ್ಕೆ ಎರಡೂ ಕಡೆಯಿಂದ ಬೈಗುಳ. ಹಿಂದೂಗಳಾಗುತ್ತಿದ್ದೀರಿ ಎಂದು ನಮ್ಮವರು, ಹಿಂದೂಗಳನ್ನು ಮರುಳುಮಾಡುತ್ತಿದ್ದೀರಿ ಎಂದು ಹೊರಗಿನವರು. ಆದರೆ ಆರತಿಗೆ ಒಪ್ಪಿದ ರೋಮ್ ರೊಟ್ಟಿಯ ವಿಷಯದಲ್ಲಿ ಒಂದಿಂಚೂ ಕದಲಿಲ್ಲ. ನಮ್ಮ ಮೈಸೂರು ಕಡೆಯವರು ಕೇಳುವ ಪ್ರಶ್ನೆ ಒಂದಿದೆಯಲ್ಲ, ರಾಗಿ ರೊಟ್ಟಿ ಯಾಕಾಗಲ್ಲ ಅಂತ? ಆಗಲ್ಲ. ಗೋಧಿಯದೇ ಆಗಬೇಕು, ಬೇರೆ ಹಿಟ್ಟು ಬೆರೆಸಿರಬಾರದು, ದ್ರಾಕ್ಷಾರಸ ದ್ರಾಕ್ಷಿಯದೇ ಆಗಬೇಕು ಎಂದು ಧರ್ಮಸಭೆಯ ಕಾನೂನು. ಯೇಸು ತಿಂದದ್ದು ರಾಗಿಯ ನಾಡಿನಲ್ಲಿ ಅಲ್ಲ, ಅಷ್ಟೇ ಸಮಾಧಾನ. ಗ್ಲುಟೆನ್ ಒಗ್ಗದವರಿಗೆ ಗ್ಲುಟೆನ್ ತೀರಾ ಕಡಿಮೆ ಇರುವ ರೊಟ್ಟಿ ಆಗಬಹುದು, ಪೂರ್ತಿ ಇಲ್ಲದ್ದು ಆಗದು. ಅಂಥವರು ದ್ರಾಕ್ಷಾರಸವನ್ನಷ್ಟೇ ಸ್ವೀಕರಿಸಬಹುದು.

ಮದುವೆಯ ದಿನ ಪೂಜೆ ಮುಗಿದ ಮೇಲೆ ಗೆಳತಿಯ ತಾಯಿಯ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಅವರು ನನಗಿಂತ ಹಗುರವಾಗಿದ್ದರು. "ಇರ್ಲಿ ಬಿಡಮ್ಮ, ಮಡಿ ಅಂದ್ರೆ ಮಡಿ. ನಮ್ಮಲ್ಲಿಲ್ವಾ?" ಎಂದರು. ಆಮೇಲೆ ಸ್ವಲ್ಪ ಬಗ್ಗಿ, ದನಿ ತಗ್ಗಿಸಿ, "ಆದ್ರೂ ನೋಡು, ಬಲಿ ಅಂತಿದ್ರಲ್ಲ, ಒಂದು ತೊಟ್ಟು ರಕ್ತ ಕಾಣ್ಲಿಲ್ಲ. ನಾನು ಕಣ್ಣು ಮುಚ್ಕೋಬೇಕಾಗುತ್ತೇನೋ ಅಂದ್ಕೊಂಡಿದ್ದೆ" ಎಂದರು.

ಹೊರಗೆ ಶಾಮಿಯಾನದ ಕಡೆಯಿಂದ ಮಟನ್ ಬಿರಿಯಾನಿಯ ವಾಸನೆ ಆಗಲೇ ಬರುತ್ತಿತ್ತು. ಆ ದಿನ ಸತ್ತ ಕುರಿಗಳೆಲ್ಲ ಅಲ್ಲೇ ಇದ್ದವು, ಬಲಿಪೂಜೆಗೂ ಅವಕ್ಕೂ ಸಂಬಂಧವಿರಲಿಲ್ಲ. ಅವರ ಕೈ ಹಿಡಿದು, ಗಾಳಿ ಬರುವ ದಿಕ್ಕು ನೋಡಿಕೊಂಡು, ಸುತ್ತು ಹಾಕಿಸಿ ವೆಜ್ ಕೌಂಟರಿನ ಕಡೆ ಕರೆದುಕೊಂಡು ಹೋದೆ.